ಹೆಜ್ಜಾರ್ಲೆಯ ಮರಿಯೂ ಮೀನಿನ ಪ್ರಾಣವೂ

ತುಮಕೂರು ಸೀಮೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕುಣಿಗಲು ಮದ್ದೂರುಗಳ ನೆಲವನ್ನು ತೋಯಿಸುತ್ತ ದಕ್ಷಿಣಕ್ಕೆ ಸಾಗಿ, ಶಿವನಸಮುದ್ರದಿಂದ ಕೆಳಗೆ ಕಾವೇರಿಯಲ್ಲಿ ಲೀನವಾಗುವ ಶಿಂಷಾ ನದಿಯ ಕಣಿವೆಯಲ್ಲಿ ಕೊಕ್ಕರೆಬೆಳ್ಳೂರೆಂಬ ಒಂದು ಗ್ರಾಮವುಂಟು. ವರ್ಷವರ್ಷವೂ ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗುಂಪುಗುಂಪಾಗಿ ಅಲ್ಲಿಗೆ ಬಂದು, ಕಾಡಿನ ಮರೆಯನ್ನಾಗಲಿ ನಡುಗಡ್ಡೆಯ ರಕ್ಷಣೆಯನ್ನಾಗಲಿ ಬಯಸದೆ, ಮನೆಗಳ ಹಿತ್ತಿಲಲ್ಲಿಯೂ ಬೀದಿಯ ಅಂಚಿನಲ್ಲಿಯೂ ನಿಂತ ಹುಣಸೆ, ಅತ್ತಿ, ಅರಳಿಗಳ ನೆತ್ತಿಯ ಮೇಲೆ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಬೆಳೆಸಿ, ಬೇಸಗೆ ಬಲಿತು ಮುಂಗಾರಿನ ಮೋಡ ಕಾಣುವ ವೇಳೆಗೆ ಹೊರಟುಹೋಗುತ್ತವೆ. ಕೆಳಗೆ ಮನುಷ್ಯರ ಸಂಸಾರ, ಮೇಲೆ ಪಕ್ಷಿಗಳ ಸಂಸಾರ. ಈ ಊರನ್ನು ಕುರಿತು 2000ದಲ್ಲಿ ಪ್ರಕಟವಾದ ಒಂದು ಗ್ರಂಥವು ಇದನ್ನು ಎರಡಂತಸ್ತಿನ ಗ್ರಾಮವೆಂದು ಕರೆದದ್ದು ಉಚಿತವಾಗಿಯೇ ಇದೆ.

ಊರ ಹಿರಿಯರು ಹೇಳುವಂತೆ, ಹಿಂದೆ ಈ ಗ್ರಾಮವು ಶಿಂಷೆಯ ದಡಕ್ಕೆ ಇನ್ನೂ ಸಮೀಪದಲ್ಲಿತ್ತು. 1916ರಲ್ಲಿ ಪ್ಲೇಗು ಬಡಿದಾಗ ಜನರು ಹಳೆಯ ಊರನ್ನು ತೊರೆದು ಈಗಿನ ನೆಲೆಗೆ ಬಂದರು. ಅವರ ಹಿಂದೆಯೇ ಹಕ್ಕಿಗಳೂ ಬಂದವು. ಇದನ್ನು ಇತಿಹಾಸವೆನ್ನಬಹುದೋ ಐತಿಹ್ಯವೆನ್ನಬೇಕೋ ಎಂಬ ವಿಚಾರಣೆ ಇಲ್ಲಿ ಅನಾವಶ್ಯಕ. ಆ ಹಕ್ಕಿಗಳು ತಮ್ಮನ್ನು ಅರಸಿಕೊಂಡು ಬಂದವೆಂದು ಒಂದು ಊರಿಗೆ ಊರೇ ಭಾವಿಸಿರುವುದೇ ಗಣ್ಯವಾದ ಸಂಗತಿ. ಬಾಣಂತನಕ್ಕೆಂದು ತವರಿಗೆ ಬರುವ ಹೆಣ್ಣುಮಕ್ಕಳೆಂದೇ ಅವರು ಅವುಗಳನ್ನು ಎಣಿಸುತ್ತಾರೆ. ಬಂದರೆ ಊರಿಗೆ ಸುಭಿಕ್ಷ, ಬಾರದಿದ್ದರೆ ಅಶುಭ ಎನ್ನುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್.ಜಿ. ನೇಗಿನಹಾಳರು ಈ ನೆಲೆಯನ್ನು ಪಕ್ಷಿಶಾಸ್ತ್ರಜ್ಞರ ಗಮನಕ್ಕೆ ತಂದ ಮೇಲೆ ಹೊರಗಿನ ಲೋಕಕ್ಕೆ ಇದರ ಹೆಸರು ತಿಳಿಯಿತು. 1994ರಲ್ಲಿ, ಮೈಸೂರಿನ ಹವ್ಯಾಸಿ ನಿಸರ್ಗಾಭ್ಯಾಸಿಗಳ ಪ್ರೇರಣೆಯಿಂದ, ಊರಿನ ತರುಣರೇ ಕೂಡಿ ‘ಹೆಜ್ಜಾರ್ಲೆ ಬಳಗ’ವೆಂಬ ಸ್ವಯಂಸೇವಕರ ಸಂಘವೊಂದನ್ನು ಕಟ್ಟಿದರು. ಗೂಡಿನಿಂದ ಕೆಳಗೆ ಬಿದ್ದ ಮರಿಯನ್ನು ನಾಯಿಗೆ ಸಿಕ್ಕದಂತೆ ಎತ್ತಿ ತಂದು, ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಗಾಯವಿದ್ದರೆ ಆರೈಕೆ ಮಾಡಿ, ರೆಕ್ಕೆ ಬಲಿಯುವವರೆಗೆ ಮೀನು ತಿನ್ನಿಸಿ, ಅನಂತರ ಹಾರಬಿಡುವುದು ಆ ಬಳಗದ ಮುಖ್ಯ ಕೈಂಕರ್ಯ.

ಈ ಕೈಂಕರ್ಯದೊಳಗೇ ನಮ್ಮ ಪ್ರಶ್ನೆಯು ಹುದುಗಿದೆ. ಹೆಜ್ಜಾರ್ಲೆಯು ಮತ್ಸ್ಯಾಹಾರಿ; ಅದಕ್ಕೆ ಮೀನಲ್ಲದೆ ಅನ್ಯಗತಿಯಿಲ್ಲ. ಗಂಟಲಿನಡಿಯ ಚೀಲವನ್ನು ತೆರೆದು ಬಾಯಾರೆ ಕೂಗುವ ಒಂದು ಮರಿಯನ್ನು ಕೆಲವು ವಾರ ಸಾಕಬೇಕಾದರೆ ಎಷ್ಟು ಮೀನುಗಳು ಪ್ರಾಣ ತೆರಬೇಕೆಂಬುದನ್ನು ಲೆಕ್ಕವಿಡುವವರಾರು? ಮರಿಯೂ ಪಂಚೇಂದ್ರಿಯ ಜೀವ, ಮೀನೂ ಪಂಚೇಂದ್ರಿಯ ಜೀವ. ಒಂದನ್ನು ಬದುಕಿಸಲು ಅನೇಕವನ್ನು ಬಲಿಗೊಡುವ ಕಾರ್ಯವನ್ನು ನಾವು ಯಾವ ಮುಖದಿಂದ ಜೀವದಯೆಯೆಂದು ಕರೆಯುತ್ತೇವೆ? ತಾಯಿಹಕ್ಕಿಯು ತಾನೇ ಮೀನು ತಂದು ತಿನ್ನಿಸಿದ್ದರೆ ಅದು ನಿಸರ್ಗದ ವ್ಯಾಪಾರ. ಅಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಆದರೆ ನೆಲಕ್ಕೆ ಬಿದ್ದ ಮರಿಯನ್ನು ತಾಯಿಯು ಮತ್ತೆ ವಿಚಾರಿಸುವುದಿಲ್ಲ. ಅದು ನಿಸರ್ಗದ ತೀರ್ಪು. ಆ ತೀರ್ಪನ್ನು ಮನುಷ್ಯನು ತನ್ನ ಕೈಯಿಂದ ತಿದ್ದಹೊರಟಾಗ, ಮೀನಿನ ಸಾವಿನ ಹೊಣೆಯು ಹಕ್ಕಿಯ ಕೊಕ್ಕಿನಿಂದ ಜಾರಿ ಮನುಷ್ಯನ ಕೈಗೆ ಬರುತ್ತದೆ.

ಇದು ಕುತರ್ಕವೆಂದು ನಕ್ಕು ಬಿಡುವ ಮಾತಲ್ಲ. ನಮ್ಮ ದೇಶದಲ್ಲಿಯೇ, ಅಹಿಂಸೆಯನ್ನು ಪರಮಧರ್ಮವೆಂದು ಬಗೆದವರ ನಡುವೆಯೇ, ಇದನ್ನು ಕುರಿತು ಗಂಭೀರವಾದ ವಾದಗಳು ನಡೆದಿವೆ. ಶ್ವೇತಾಂಬರ ಜೈನರಲ್ಲಿ 1760ರಲ್ಲಿ ತೇರಾಪಂಥವನ್ನು ಸ್ಥಾಪಿಸಿದ ಆಚಾರ್ಯ ಭಿಕ್ಷುಗಳ ನಿಲುವು ಈ ವಿಷಯದಲ್ಲಿ ಅತ್ಯಂತ ನಿಷ್ಠುರವಾದದ್ದು. ಬೆಕ್ಕಿನ ಬಾಯಿಂದ ಇಲಿಯನ್ನು ಬಲಾತ್ಕಾರವಾಗಿ ಬಿಡಿಸುವುದು ಲೋಕದ ದೃಷ್ಟಿಯಲ್ಲಿ ಉಪಕಾರವಾಗಿರಬಹುದಾದರೂ ಆತ್ಮದ ದೃಷ್ಟಿಯಲ್ಲಿ ಧರ್ಮವಲ್ಲವೆಂದೂ, ದೊಡ್ಡ ಜೀವದ ಪೋಷಣೆಗಾಗಿ ಸಣ್ಣ ಜೀವಗಳನ್ನು ಹಿಂಸಿಸಿದರೆ ಅದು ಅಹಿಂಸೆಯ ಲೆಕ್ಕಕ್ಕೆ ಸೇರದೆಂದೂ, ಸಾಧನವು ಶುದ್ಧವಾಗಿಲ್ಲದಿದ್ದರೆ ಸಾಧ್ಯವು ಶುದ್ಧವಾಗಲಾರದೆಂದೂ ಅವರು ಪ್ರತಿಪಾದಿಸಿದರು. ಲೌಕಿಕ ದಯೆ ಬೇರೆ, ಲೋಕೋತ್ತರ ದಯೆ ಬೇರೆ. ಕೊಲ್ಲುವವನ ಹೃದಯವನ್ನು ತಿರುಗಿಸುವುದೇ ನಿಜವಾದ ರಕ್ಷಣೆ. ಈ ಮಾತು ಅವರ ಕಾಲದಲ್ಲಿ ಸ್ವಮತದವರಿಗೇ ಕರ್ಣಕಠೋರವಾಗಿ ಕೇಳಿಸಿತು. ರೋಗಪೀಡಿತವಾದ ಪಶುಪಕ್ಷಿಗಳಿಗೆಂದು ಪಾಂಜರಪೋಳಗಳನ್ನು ಕಟ್ಟಿ ಸಾಕುತ್ತಿದ್ದ ಶ್ರಾವಕರು ಇದನ್ನು ಹೇಗೆ ಒಪ್ಪಿಯಾರು? ಆದರೂ ತರ್ಕದ ನೇರದಲ್ಲಿ ನೋಡುವವನಿಗೆ ಆಚಾರ್ಯರ ವಾದವು ಅಭೇದ್ಯವಾಗಿಯೇ ಕಾಣುತ್ತದೆ. ಅದನ್ನು ಕೊಕ್ಕರೆಬೆಳ್ಳೂರಿಗೆ ಅನ್ವಯಿಸಿದರೆ ಬರುವ ಫಲವೂ ಸ್ಪಷ್ಟ: ಮರಿಯು ಬಿದ್ದಲ್ಲಿಯೇ ಬಿದ್ದಿರಲಿ, ಮೀನು ಕೆರೆಯಲ್ಲಿಯೇ ಈಜುತ್ತಿರಲಿ, ತರುಣನು ಎರಡನ್ನೂ ನೋಡಿ ವೈರಾಗ್ಯವನ್ನು ಕಲಿಯಲಿ.

ಸಂಕಲ್ಪವನ್ನು ಮುಂದೊಡ್ಡಿ ಇದರಿಂದ ಪಾರಾಗಬಹುದೆಂದು ಕೆಲವರಿಗೆ ತೋರೀತು. ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರಿಗೆ, ಹಿಟ್ಟಿನ ಕೋಳಿಯನ್ನು ಕಡಿದ ರಾಜನಿಗೂ ತಾಯಿಗೂ ನಿಜವಾದ ಹಿಂಸೆಯ ಫಲವೇ ದೊರೆತು ಅವರು ಜನ್ಮಜನ್ಮಾಂತರಗಳಲ್ಲಿ ತೊಳಲಿದ ಕಥೆಯು ಗೊತ್ತಿದೆ. ಪ್ರಾಣವಿಲ್ಲದ ವಸ್ತುವನ್ನು ಕೊಲ್ಲುವ ಸಂಕಲ್ಪದಿಂದ ಕಡಿದರೂ ಪಾಪವುಂಟಾಗುವುದಾದರೆ, ಕೊಲ್ಲುವ ಸಂಕಲ್ಪವಿಲ್ಲದೆ, ಕೇವಲ ಬದುಕಿಸುವ ಸಂಕಲ್ಪದಿಂದ ಮೀನನ್ನು ಬಳಸಿದವನಿಗೆ ಪಾಪವಿಲ್ಲವೆಂದು ವಾದಿಸಬಹುದು. ನನಗೆ ಈ ವಾದವು ಅಷ್ಟೇನೂ ತೃಪ್ತಿಕರವಾಗಿ ಕಾಣುವುದಿಲ್ಲ. ಸಂಕಲ್ಪಶುದ್ಧಿಯು ಕರ್ತೃವಿನ ಮನಸ್ಸನ್ನು ಹಗುರಗೊಳಿಸೀತೇ ಹೊರತು ಸತ್ತ ಮೀನಿಗೆ ಅದರಿಂದ ಆಗುವ ಲಾಭವಾವುದೂ ಇಲ್ಲ. ಧರ್ಮಜಿಜ್ಞಾಸೆಯು ಕರ್ತೃವಿನ ನಿದ್ರೆಗೆ ಭಂಗ ಬಾರದಂತೆ ನೋಡಿಕೊಳ್ಳುವ ವಿದ್ಯೆಯಾದರೆ ಅದಕ್ಕಿಂತ ನಾಸ್ತಿಕತೆಯೇ ವಾಸಿ.

ಮಹಾಭಾರತದ ವನಪರ್ವದಲ್ಲಿ ಬರುವ ಶಿಬಿಚಕ್ರವರ್ತಿಯ ಉಪಾಖ್ಯಾನವು ಈ ಸಮಸ್ಯೆಯ ಹೃದಯವನ್ನೇ ಮುಟ್ಟುತ್ತದೆ. ಶರಣುಬಂದ ಪಾರಿವಾಳವನ್ನು ಕಾಯುವುದು ರಾಜಧರ್ಮ. ಅಲ್ಲಿಯವರೆಗೆ ಕಥೆಯು ಸರಳ. ಆದರೆ ಹಿಂದೆಯೇ ಹಾರಿಬಂದ ಗಿಡುಗವು ರಾಜನ ಮುಂದಿಡುವ ಪ್ರಶ್ನೆಯು ಸರಳವಲ್ಲ: ನನ್ನ ಆಹಾರವನ್ನು ಕಸಿದುಕೊಂಡರೆ ನಾನು ಸಾಯುತ್ತೇನೆ, ನನ್ನನ್ನು ನಂಬಿದ ಹೆಂಡಿರು ಮಕ್ಕಳು ಸಾಯುತ್ತಾರೆ, ಒಂದು ಜೀವಕ್ಕಾಗಿ ಹಲವು ಜೀವಗಳನ್ನು ಕೊಲ್ಲುವ ನಿನ್ನ ಧರ್ಮವು ಎಂಥ ಧರ್ಮ? ಶಿಬಿಯು ಇದಕ್ಕೆ ತರ್ಕದಿಂದ ಉತ್ತರ ಕೊಡಲಿಲ್ಲ; ತಕ್ಕಡಿಯನ್ನು ತರಿಸಿ ತನ್ನ ತೊಡೆಯ ಮಾಂಸವನ್ನು ಕೊಯ್ದಿಟ್ಟನು, ಅದೂ ಸಾಲದೆ ಬಂದಾಗ ತಾನೇ ತಕ್ಕಡಿಯನ್ನೇರಿದನು. ದಯೆಗೆ ಬೆಲೆಯುಂಟು, ಆ ಬೆಲೆಯನ್ನು ದಯೆ ತೋರಿದವನೇ ತೆರಬೇಕು, ಮೂರನೆಯವನ ತಲೆಗೆ ಕಟ್ಟಬಾರದು ಎಂಬುದು ಶಿಬಿಯ ಉತ್ತರ. ಕಥೆಯ ಮುಕ್ತಾಯದ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಅಸಮಾಧಾನವಿದೆ. ಗಿಡುಗವು ಇಂದ್ರನಾಗಿಯೂ ಪಾರಿವಾಳವು ಅಗ್ನಿಯಾಗಿಯೂ ನಿಜರೂಪವನ್ನು ತೋರಿದ ಕೂಡಲೇ ಹಸಿವೂ ಸುಳ್ಳಾಯಿತು, ಭಯವೂ ಸುಳ್ಳಾಯಿತು. ಶಿಂಷೆಯ ದಡದಲ್ಲಿ ಅಂಥ ಸೌಕರ್ಯವಿಲ್ಲ. ಅಲ್ಲಿಯ ಹೆಜ್ಜಾರ್ಲೆಯು ಹೆಜ್ಜಾರ್ಲೆಯೇ, ಮೀನು ಮೀನೇ, ಹಸಿವು ದಿಟವಾದ ಹಸಿವು. ಪರೀಕ್ಷೆ ಮುಗಿಯಿತೆಂದು ಹೇಳುವುದಕ್ಕೆ ಯಾವ ದೇವತೆಯೂ ಪ್ರತ್ಯಕ್ಷವಾಗುವುದಿಲ್ಲ.

ಇಂದಿನ ಜೀವವಿಜ್ಞಾನಿಗಳು ಈ ತೊಡಕನ್ನು ಬೇರೊಂದು ಬಗೆಯಲ್ಲಿ ಬಿಡಿಸಬಯಸುತ್ತಾರೆ. ಮೀನುಗಳು ಹೇರಳವಾಗಿವೆ, ಹೆಜ್ಜಾರ್ಲೆಗಳು ವಿರಳವಾಗಿವೆ; ಆದುದರಿಂದ ವಿರಳವಾದುದನ್ನು ಕಾಯುವುದು ಯುಕ್ತ ಎಂಬುದು ಅವರ ನ್ಯಾಯ. ಜಗತ್ತಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಚುಕ್ಕೆಕೊಕ್ಕಿನ ಹೆಜ್ಜಾರ್ಲೆಯು ಅಪಾಯದ ಸನಿಹದಲ್ಲಿರುವುದೆಂದು ದಾಖಲಾಗಿರುವುದು ನಿಜ; ಭಾರತ, ಶ್ರೀಲಂಕಾ ಮತ್ತು ಆಗ್ನೇಯ ಏಷ್ಯದ ಕೆಲವು ಭಾಗಗಳನ್ನು ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲವೆಂಬುದೂ ನಿಜ. ಆದರೆ ನಮ್ಮ ತಾರ್ಕಿಕರು ಜಾತಿಗೂ ವ್ಯಕ್ತಿಗೂ ಮಾಡಿದ ಭೇದವನ್ನು ಇಲ್ಲಿ ಮರೆಯಬಾರದು. ನ್ಯಾಯವೈಶೇಷಿಕರ ಮತದಲ್ಲಿ ಜಾತಿಯು ನಿತ್ಯ. ಅದಕ್ಕೆ ಹುಟ್ಟಿಲ್ಲ, ಸಾವಿಲ್ಲ, ಆದುದರಿಂದ ಹಸಿವೂ ಇಲ್ಲ. ಹಸಿಯುವುದೂ ನೋಯುವುದೂ ವ್ಯಕ್ತಿ. ಡಾರ್ವಿನ್ನನ ತರುವಾಯ ಜಾತಿಯು ನಿತ್ಯವೆಂಬುದನ್ನು ನಾವು ಒಪ್ಪಲಾರೆವಾದರೂ, ಅದು ನೋಯಲಾರದೆಂಬುದನ್ನು ಒಪ್ಪಲೇಬೇಕು. ಹಾಗಾದರೆ ದಯೆಯು ಜಾತಿಯ ಮೇಲೆ ಹೇಗೆ ನಿಂತೀತು? ‘ನಿನ್ನಂಥವರು ಕೆರೆಯಲ್ಲಿ ಬೇಕಾದಷ್ಟಿದ್ದಾರೆ’ ಎಂಬ ಮಾತು ಬಲೆಗೆ ಬಿದ್ದ ಮೀನಿಗೆ ಸಮಾಧಾನವನ್ನುಂಟುಮಾಡೀತೆ?

ಇನ್ನೂ ಒಂದು ವಿಷಯವನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ಕೇವಲ ಜಾತಿಯ ಉಳಿವನ್ನೇ ಲಕ್ಷ್ಯದಲ್ಲಿಟ್ಟುಕೊಂಡವನು ಬಿದ್ದ ಮರಿಯ ಮೇಲೆ ಶ್ರಮ ವ್ಯಯಿಸುವುದನ್ನು ಅಷ್ಟಾಗಿ ಮೆಚ್ಚಲಾರ. ಹೆಜ್ಜಾರ್ಲೆಯು ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಮೊದಲು ಒಡೆದ ಮರಿಯು ತಂದ ಆಹಾರದಲ್ಲಿ ಹೆಚ್ಚಿನ ಪಾಲನ್ನು ಕಬಳಿಸಿ ಬಲಿಯುತ್ತದೆ, ಕಡೆಯದು ಅನೇಕವೇಳೆ ಸೊರಗುತ್ತದೆ. ಗಾಳಿಗೋ ನೂಕುನುಗ್ಗಲಿಗೋ ಕೆಲವು ಉರುಳುತ್ತವೆ. ಈ ಅಪವ್ಯಯವನ್ನೆಲ್ಲ ಗಣಿಸಿಯೇ ನಿಸರ್ಗವು ತನ್ನ ಆಯವ್ಯಯವನ್ನು ಹಾಕಿಕೊಂಡಿದೆ. ನಾಲ್ಕಾರು ಮರಿಗಳನ್ನು ಎತ್ತಿ ಸಾಕುವುದಕ್ಕಿಂತ ಒಂದು ಹುಣಸೆಮರ ಕೊಡಲಿಗೆ ಬೀಳದಂತೆ ತಡೆಯುವುದರಿಂದ, ಹಕ್ಕಿಗಳು ಮೇಯಲು ಹೋಗುವ ತೈಲೂರು ಕೆರೆ ಮೊದಲಾದವು ಬತ್ತದಂತೆ ನೋಡಿಕೊಳ್ಳುವುದರಿಂದ ಜಾತಿಗಾಗುವ ಪ್ರಯೋಜನವು ಎಷ್ಟೋ ಅಧಿಕ. ಈ ಲೆಕ್ಕವು ಸರಿಯಾದದ್ದೇ. ಆದರೆ ಕೊಡಲಿಯನ್ನು ತಡೆಯುವವರು ಯಾರು? ಬಾಲ್ಯದಲ್ಲಿ ಬಿದ್ದ ಮರಿಯನ್ನು ಅಂಗೈಯಲ್ಲೆತ್ತಿ, ಅದರ ಚೀಲಕ್ಕೆ ಮೀನು ಹಾಕಿ, ಅದು ಹಾರಿಹೋದ ದಿನ ಮಂಕಾಗಿ ಕುಳಿತ ಹುಡುಗನೇ ಮುಂದೆ ಮರದ ಒಡೆಯನಾದಾಗ ವ್ಯಾಪಾರಿಗೆ ‘ಇಲ್ಲ’ವೆನ್ನುವ ಧೈರ್ಯವುಳ್ಳವನಾಗುತ್ತಾನೆ. ಜಾತಿಯ ರಕ್ಷಣೆಯು ವ್ಯಕ್ತಿಯ ಮೇಲಿನ ಮಮತೆಯ ದಾರಿಯಿಂದಲ್ಲದೆ ಬರುವುದಿಲ್ಲ. ಅಂಕಿಸಂಖ್ಯೆಗಳಿಗೆ ಮನಸೋತು ಮರವನ್ನು ಉಳಿಸಿದ ರೈತನನ್ನು ನಾನು ಕಂಡಿಲ್ಲ.

ಹೀಗೆ ಮಮತೆಯು ಪ್ರಯೋಜನಕರವೆಂದು ಸಿದ್ಧವಾದರೂ ಅದು ಧರ್ಮವೆಂದು ಸಿದ್ಧವಾಗಲಿಲ್ಲ. ಅದಕ್ಕೆ ಬೇರೆಯ ಆಧಾರ ಬೇಕು. ನನ್ನ ಮಟ್ಟಿಗೆ ಆ ಆಧಾರವು ಅಹಿಂಸಾಸಿದ್ಧಾಂತದಲ್ಲಿಲ್ಲ. ಬಹಳ ಸಾಮಾನ್ಯವೆಂದು ನಾವು ಕಡೆಗಣಿಸಿರುವ ಗೃಹಸ್ಥಧರ್ಮದಲ್ಲಿದೆ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಪಂಚಸೂನೆಗಳ ಪ್ರಸ್ತಾಪವುಂಟು. ಆ ಗ್ರಂಥದಲ್ಲಿ ಇಂದು ನಾವು ಒಪ್ಪಲಾಗದ, ಒಪ್ಪಬಾರದ ಮಾತುಗಳು ಅನೇಕವಿದ್ದರೂ ಈ ಒಂದು ಕಾಣ್ಕೆಯನ್ನು ಬಿಡಲಾಗದು. ಪ್ರತಿಯೊಬ್ಬ ಗೃಹಸ್ಥನ ಮನೆಯಲ್ಲಿಯೂ ಐದು ವಧಾಸ್ಥಾನಗಳಿವೆ: ಒಲೆ, ಅರೆಯುವ ಕಲ್ಲು, ಪೊರಕೆ, ಒರಳೊನಕೆ, ನೀರಿನ ಕೊಡ. ಅಡಿಗೆ ಮಾಡಿ ಉಣ್ಣುವವನು, ಕಸ ಗುಡಿಸುವವನು, ನೀರು ತುಂಬುವವನು ತಿಳಿದೋ ತಿಳಿಯದೆಯೋ ಪ್ರತಿದಿನವೂ ಕೊಲ್ಲುತ್ತಲೇ ಇರುತ್ತಾನೆ. ಇದರ ಪರಿಹಾರಕ್ಕೆಂದೇ ಪಂಚಮಹಾಯಜ್ಞಗಳು ವಿಹಿತವಾದವು. ಅವುಗಳಲ್ಲೊಂದು ಭೂತಯಜ್ಞ, ಎಂದರೆ ತಾನು ಉಣ್ಣುವುದಕ್ಕೆ ಮುಂಚೆ ಕಾಗೆ, ನಾಯಿ, ಕ್ರಿಮಿಕೀಟಗಳಿಗೆ ಒಂದು ಪಾಲನ್ನು ತೆಗೆದಿಡುವುದು.

ಈ ವಿಧಿಯಲ್ಲಿ ನನಗೆ ಮೆಚ್ಚಿಕೆಯಾಗುವುದು ಅದರ ಪ್ರಾಮಾಣಿಕತೆ. ಇದು ನಿರ್ದೋಷಿಯ ಧರ್ಮವಲ್ಲ; ತನ್ನ ಕೈ ಶುಭ್ರವಾಗಿಲ್ಲವೆಂದು ಬಲ್ಲವನ ಧರ್ಮ. ಆಚಾರ್ಯ ಭಿಕ್ಷುಗಳ ತರ್ಕವು ಒಲೆಯನ್ನೇ ತೊರೆದ ಸಂನ್ಯಾಸಿಗೆ ಸಲ್ಲುತ್ತದೆ. ಅವನು ಮರಿಯನ್ನು ಎತ್ತದಿರುವುದಕ್ಕೂ ಮೀನನ್ನು ಹಿಡಿಯದಿರುವುದಕ್ಕೂ ಒಂದು ಸಾಮಂಜಸ್ಯವಿದೆ. ಆದರೆ ಕೆರೆಗಳನ್ನು ಒತ್ತಿ ಗದ್ದೆ ಮಾಡಿಕೊಂಡು, ಹೊಲಕ್ಕೆ ಕೀಟನಾಶಕವನ್ನು ಸುರಿದು, ನದಿದಡದ ಮರಗಳನ್ನು ಕಡಿದು ಮಾರಿ, ಮರಿಯು ಬಿದ್ದಾಗ ಮಾತ್ರ ‘ನಿಸರ್ಗದ ವ್ಯಾಪಾರದಲ್ಲಿ ಕೈಹಾಕಬಾರದು’ ಎಂದು ಸುಮ್ಮನಾಗುವ ಗೃಹಸ್ಥನ ನಿರ್ಲಿಪ್ತತೆಯು ವೈರಾಗ್ಯವಲ್ಲ, ಸಾಲಗಾರನು ಮುಖ ಮರೆಸಿಕೊಳ್ಳುವ ಉಪಾಯ. ಬಳಗದ ತರುಣರು ಪುಣ್ಯವನ್ನು ಗಳಿಸುತ್ತಿಲ್ಲ. ಮನುಷ್ಯಕುಲವು ಮಾಡಿಕೊಂಡ ಋಣದ ಬಡ್ಡಿಯಲ್ಲಿ ಒಂದಂಶವನ್ನು ತೀರಿಸುತ್ತಿದ್ದಾರೆ. ಅವರ ದಯೆಯು ಪಕ್ಷಪಾತದಿಂದ ಕೂಡಿದ್ದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಗೃಹಸ್ಥನ ದಯೆಯೆಲ್ಲವೂ ಹಾಗೆಯೇ. ತನ್ನ ಮನೆಯ ಮಗುವಿಗೆ ಮೊದಲು ಉಣಬಡಿಸಿದ ತಾಯಿಯನ್ನು ಅಧರ್ಮಿಯೆಂದವರಿಲ್ಲ. ನೆರೆಮನೆಯ ಮಗು ಹಸಿದಿರುವುದನ್ನು ಬಲ್ಲೆನೆಂಬ ನಾಚಿಕೆಯು ಅವಳಲ್ಲಿ ಉಳಿದಿದ್ದರೆ ಸಾಕು. ಮೀನಿನ ವಿಷಯದಲ್ಲಿ ನಮಗುಳಿಯಬೇಕಾದದ್ದು ಆ ನಾಚಿಕೆ.

ಶಿಬಿಯ ತಕ್ಕಡಿಯನ್ನು ಇಲ್ಲಿಗೆ ತಂದು ನೋಡಿದರೆ, ಬೆಲೆ ತೆತ್ತವರು ಯಾರೆಂಬುದು ತಿಳಿಯುತ್ತದೆ. ಮೀನು ತೆತ್ತಿದೆ, ತನ್ನ ಸಮ್ಮತಿಯಿಲ್ಲದೆ. ಸಮ್ಮತಿಯಿಂದ ತೆತ್ತವನು ಹುಣಸೆಮರದ ಒಡೆಯ. ಹುಣಸೆಯ ಫಸಲನ್ನು ಬಡಿದಿಳಿಸುವ ಕಾಲವೂ ಗೂಡಿನಲ್ಲಿ ಮರಿಗಳಿರುವ ಕಾಲವೂ ಒಂದೇ. ಬಡಿದರೆ ಗೂಡು ಉಳಿಯದು, ಗೂಡನ್ನು ಉಳಿಸಿದರೆ ಫಸಲು ಕೈಗೆ ಹತ್ತದು. ಮರದಡಿಯಲ್ಲಿ ಗುಂಡಿ ತೋಡಿ ಹಿಕ್ಕೆಯನ್ನು ಕೂಡಿಸಿ, ಕೆರೆಯ ಗೋಡಿನೊಡನೆ ಬೆರಸಿ ಗೊಬ್ಬರ ಮಾಡಿಕೊಳ್ಳುವ ಪದ್ಧತಿಯಿದ್ದುದರಿಂದ ಹಿಂದೆ ಆ ನಷ್ಟವು ಸ್ವಲ್ಪಮಟ್ಟಿಗೆ ತುಂಬಿಬರುತ್ತಿತ್ತು. ರಾಸಾಯನಿಕ ಗೊಬ್ಬರದ ಚೀಲಗಳು ಬಂದ ಮೇಲೆ ಆ ಹಿಕ್ಕೆಗೆ ಮೊದಲಿನ ಬೆಲೆ ಉಳಿಯಲಿಲ್ಲ. ಅರಣ್ಯ ಇಲಾಖೆಯು ಮರದ ಲೆಕ್ಕದಲ್ಲಿ ಪರಿಹಾರಧನವನ್ನು ಕೊಡುವ ಏರ್ಪಾಡು ಮಾಡಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ, ಖಾಸಗಿ ಮತ್ತು ಸಮುದಾಯದ ಭೂಮಿಯನ್ನೂ ಅಲ್ಲಿಯ ಜನರ ಇಚ್ಛೆಯಿಂದಲೇ ಸಂರಕ್ಷಿತ ನೆಲೆಯೆಂದು ಘೋಷಿಸುವುದಕ್ಕೆ ಅವಕಾಶವಾಯಿತು. ಅದರಂತೆ 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಇವೆಲ್ಲ ಸ್ತುತ್ಯವಾದ ಕಾರ್ಯಗಳು. ಆದರೆ ಶಿಬಿಯ ಮಾಂಸಕ್ಕೆ ಸರಕಾರವು ಪರಿಹಾರಧನ ಕೊಟ್ಟಿದ್ದರೆ ಶಿಬಿಯ ಕಥೆ ಏನಾಗುತ್ತಿತ್ತೆಂಬ ಒಂದು ಕುಚೋದ್ಯದ ಯೋಚನೆ ನನ್ನ ತಲೆಯಲ್ಲಿ ಸುಳಿಯದಿಲ್ಲ. ಹಣವು ಮಮತೆಯ ಸ್ಥಾನವನ್ನು ಆಕ್ರಮಿಸಿದರೆ, ಹಣ ನಿಂತ ದಿನ ಮರವೂ ಉರುಳೀತು. ಹಣವೇ ಬಾರದಿದ್ದರೆ ಬಡವನ ಮಮತೆಯನ್ನು ನಾವು ಪುಕ್ಕಟೆಯಾಗಿ ಸುಲಿದಂತಾದೀತು. ಎರಡನೆಯದೇ ಹೆಚ್ಚಿನ ಪಾಪವೆಂದು ನನ್ನ ಅಭಿಪ್ರಾಯ.

2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಆ ಊರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಶವಪರೀಕ್ಷೆ ಮಾಡಿದ ವೈದ್ಯರು ಅವುಗಳ ಒಡಲಿನಲ್ಲಿ ಪರೋಪಜೀವಿಯಾದ ದುಂಡುಹುಳುಗಳನ್ನು ಕಂಡರು. ಅವು ಮೀನಿನ ಮೂಲಕವೇ ಹಕ್ಕಿಯ ದೇಹವನ್ನು ಸೇರುವಂಥವು. ಮೀನಿನ ಪ್ರಾಣವನ್ನು ಪಡೆದ ಹಕ್ಕಿಯು ಮೀನಿನಿಂದಲೇ ಪ್ರಾಣವನ್ನು ನೀಗಿತು. ಇದನ್ನು ಕರ್ಮವಿಪಾಕವೆಂದು ವರ್ಣಿಸುವ ಬುದ್ಧಿವಂತರಿದ್ದಾರು. ನಾನು ಆ ದಾರಿಯನ್ನು ಹಿಡಿಯಲಾರೆ. ಆ ಹುಳುವೂ ಒಂದು ಜೀವವೇ, ಜೈನರ ಗಣನೆಯಲ್ಲಿ ದ್ವೀಂದ್ರಿಯ ಜೀವ. ಅದಕ್ಕೂ ಬದುಕುವ ಬಯಕೆಯುಂಟು. ದಯೆಯ ಲೆಕ್ಕವನ್ನು ಕಟ್ಟಕಡೆಯ ಕಾಸಿನವರೆಗೆ ತಾಳೆಮಾಡಹೊರಟವನು ಇಲ್ಲಿ ಲೇಖನಿಯನ್ನು ಕೆಳಗಿಡಬೇಕಾಗುತ್ತದೆ. ಊರವರು ಲೇಖನಿ ಹಿಡಿದವರಲ್ಲ. ತವರಿಗೆ ಬಂದ ಮಗಳು ಸತ್ತಳೆಂದು ದುಃಖಿಸಿದರು, ಮರುವರ್ಷ ಬಂದ ಹಕ್ಕಿಗಳಿಗಾಗಿ ಮತ್ತೆ ಮರಗಳನ್ನು ಬಿಟ್ಟುಕೊಟ್ಟರು.

ಬೆಂಗಳೂರಿನ ನಲ್ಲಿಗಳಿಗೆ ಬರುವ ಕಾವೇರಿಯ ನೀರು, ಕೊಕ್ಕರೆಬೆಳ್ಳೂರಿರುವ ಇದೇ ಮಂಡ್ಯ ಜಿಲ್ಲೆಯ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಮೇಲೇರಿ ಬರುತ್ತದೆ. ಪಂಚಸೂನೆಗಳಲ್ಲಿ ನೀರಿನ ಕೊಡವೂ ಒಂದೆಂಬುದನ್ನು ನೆನೆದರೆ, ಆ ನೀರನ್ನು ಕುಡಿಯುವ ನಾವೂ ಈ ಲೆಕ್ಕದಿಂದ ಹೊರಗಿಲ್ಲ. ನಗರದಿಂದ ಸುಮಾರು ಎಂಬತ್ತು ಕಿಲೋಮೀಟರು ದೂರದ ಆ ಊರಿಗೆ ಮಾಘ ಫಾಲ್ಗುಣಗಳಲ್ಲಿ ಕ್ಯಾಮೆರಾ ಹೊತ್ತು ಹೋಗುವ ಓದುಗರಲ್ಲಿ ನನ್ನದೊಂದು ವಿಜ್ಞಾಪನೆಯಿದೆ: ಮರದಡಿಯಲ್ಲಿ ಗದ್ದಲವೆಬ್ಬಿಸಬೇಡಿರಿ, ಮರಿಯು ಬಿದ್ದದ್ದನ್ನು ಕಂಡರೆ ನೀವಾಗಿ ಮುಟ್ಟದೆ ಬಳಗದವರಿಗೆ ತಿಳಿಸಿರಿ, ಹೊರಡುವ ಮುನ್ನ ಆ ಹುಣಸೆಮರ ಯಾರದೆಂದು ವಿಚಾರಿಸಿ, ಆ ಮನೆಯವರು ಮಾರುವ ಹುಣಸೆಹಣ್ಣನ್ನೋ ರಾಗಿಯನ್ನೋ ಬೆಲ್ಲವನ್ನೋ, ಚೌಕಾಸಿ ಮಾಡದೆ, ಕೇಳಿದ ಬೆಲೆಗೆ ಕೊಂಡು ಬನ್ನಿರಿ.